ಮೊದಲು ಚೀಟಿ, ಆಮೇಲೆ ಅಂಗಡಿ

ಉಡುಪಿಯ ಒಂದು ವಾಚನಾಲಯದ ಮಾಳಿಗೆಯಲ್ಲಿ, ಜೋರು ಮಳೆಯ ಒಂದು ಭಾನುವಾರ ಸಂಜೆ, ಲ್ಯಾಪ್‌ಟಾಪ್, ಟ್ಯಾಬ್ ಆರಿಸುವುದು ಹೇಗೆ ಅಂತ ಆಡಿದ ಮಾತುಗಳಿವು. ರೆಕಾರ್ಡಿಂಗ್‌ನಲ್ಲಿ ಅರ್ಧಕ್ಕರ್ಧ ಮಳೆಯೇ ಕೇಳುತ್ತದೆ, ಬರೆದು ಕೊಡಿ ಅಂತ ನಾಲ್ಕೈದು ಜನ ಹೇಳಿದರು. ನೆನಪಿದ್ದಷ್ಟು ಬರೆದಿದ್ದೇನೆ. ಮಾತಾಡುವಾಗ ಮರೆತುಹೋದ ಒಂದೆರಡು ಸಂಗತಿಯನ್ನೂ ಸೇರಿಸಿದ್ದೇನೆ.

ಹಿಂದೆ ಕೂತವರಿಗೆ ಕೇಳುತ್ತಾ ಉಂಟಾ? ಸರಿ.

ನಾನು ಇಪ್ಪತ್ತು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ ಮಾಡುತ್ತಾ, ಜೊತೆಗೆ ಊರವರ ಕಂಪ್ಯೂಟರ್ ರಿಪೇರಿ ಮಾಡುತ್ತಾ ಬಂದವನು. ಹಾಗಾಗಿ ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಸಾರು ಬರುವುದರೊಳಗೆ ಕೇಳಿಯೇ ಕೇಳುತ್ತಾರೆ. “ಒಂದು ಒಳ್ಳೆ ಲ್ಯಾಪ್‌ಟಾಪ್ ಹೇಳಿ ಮಾರಾಯ್ರೆ.” ನಾನು “ಎಂತಕ್ಕೆ?” ಅನ್ನುತ್ತೇನೆ. “ಎಂತಕ್ಕೆ ಅಂದ್ರೆ, ಎಲ್ಲದಕ್ಕೂ.” ಅಲ್ಲಿಗೆ ನನ್ನ ಮಂಡೆಬಿಸಿ ಶುರು. ಎಲ್ಲದಕ್ಕೂ ಆಗುವ ಚಪ್ಪಲಿ ಕೊಡಿ ಅಂತ ಯಾರೂ ಅಂಗಡಿಯಲ್ಲಿ ಕೇಳುವುದಿಲ್ಲ. ಗದ್ದೆಗೋ, ದೇವಸ್ಥಾನಕ್ಕೋ, ಮದುವೆಗೋ ಅಂತ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಐವತ್ತು ಸಾವಿರದ ಯಂತ್ರಕ್ಕೆ ಮಾತ್ರ ಆ ಪ್ರಶ್ನೆ ಇಲ್ಲ, ನೋಡಿ.

ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಅರ್ಧ ಹಾಳೆ ಕೊಟ್ಟಿದ್ದೇವೆ. ಹಿಂದುಗಡೆ ಯಾವುದೋ ಬ್ರಹ್ಮಕಲಶೋತ್ಸವದ ಹ್ಯಾಂಡ್‌ಬಿಲ್ ಪ್ರಿಂಟ್ ಆಗಿದೆ, ಅದು ನನ್ನ ಅಂಗಡಿಯಲ್ಲಿ ಉಳಿದದ್ದು, ಬೇಸರ ಮಾಡಬೇಡಿ. ಖಾಲಿ ಬದಿಯಲ್ಲಿ ನೀವು ದಿನಾ ತೆರೆಯುವ ಸಾಫ್ಟ್‌ವೇರ್‌ಗಳ ಹೆಸರು ಬರೆಯಿರಿ. ‘ಆಫೀಸ್ ಕೆಲಸ’ ಅಂತ ಬರೆದರೆ ಆಗುವುದಿಲ್ಲ. ಲೆಕ್ಕ ಬರೆಯುವ ಟ್ಯಾಲಿಯಾ, ಎಕ್ಸೆಲ್ಲಾ, ಕನ್ನಡ ಟೈಪ್ ಮಾಡುವ ನುಡಿಯಾ, ನಕ್ಷೆ ಬಿಡಿಸುವ ಆಟೋಕ್ಯಾಡಾ, ಹೆಸರೇ ಬೇಕು. ಅದರ ಪಕ್ಕದಲ್ಲಿ ಆ ಕೆಲಸಕ್ಕೆ ಯಂತ್ರಕ್ಕೆ ಏನನ್ನು ಚುಚ್ಚುತ್ತೀರಿ ಅಂತ ಬರೆಯಿರಿ. ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಎಂತದ್ದೂ ಆಗಬಹುದು. ಅಂಗಡಿಯವನು ನಿಮಗೆ ಹೇಳುವುದೆಲ್ಲ ಜಿಬಿ, ಗಿಗಾಹರ್ಟ್ಸ್, ಮೆಗಾಪಿಕ್ಸೆಲ್. ಅದೆಲ್ಲ ಈ ಚೀಟಿ ತುಂಬಿದ ಮೇಲಿನ ಮಾತು.

ಈ ಬುದ್ಧಿ ನನಗೆ ಹುಟ್ಟುವಾಗ ಬಂದದ್ದಲ್ಲ. ನನ್ನ ಅಕ್ಕನ ಮಗಳು ಮಂಗಳೂರಿನಲ್ಲಿ ಸಿಎ ಓದಿನ ತರಬೇತಿಗೆ, ಅಂದರೆ ಆರ್ಟಿಕಲ್‌ಶಿಪ್‌ಗೆ ಸೇರಿದಳು. “ಮಾವ, ಒಂದು ಹಗುರದ್ದು ಹೇಳಿ, ಬಸ್ಸಿನಲ್ಲಿ ಹೊತ್ತುಕೊಂಡು ಹೋಗ್ಲಿಕ್ಕೆ” ಅಂದಳು. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಹುಡುಗಿ, ಪಾಪ, ಭಾರ ಬೇಡ ಅಂತ ನನಗೂ ಕಂಡಿತು. ನಾನು ದೊಡ್ಡ ಜಾಣನ ಹಾಗೆ ಕೀಬೋರ್ಡ್ ಅಂಟಿಸುವ ಒಂದು ಆಂಡ್ರಾಯ್ಡ್ ಟ್ಯಾಬ್ ತೆಗೆಸಿಕೊಟ್ಟೆ. ವರ್ಡ್ ಉಂಟು, ಎಕ್ಸೆಲ್ ಉಂಟು, ಇನ್ನೇನು ಬೇಕು ಅಂತ ನನ್ನ ಲೆಕ್ಕ. ಮೂರನೇ ದಿನ ಫೋನ್ ಬಂತು.

ಒಂದು, ಟ್ಯಾಲಿ. ಎಂಟ್ರಿ ಹಾಕುವ ಪೂರ್ತಿ ಟ್ಯಾಲಿ ವಿಂಡೋಸ್‌ನಲ್ಲಿ ಮಾತ್ರ ಕೂರುತ್ತದೆ. ಎರಡು, ಅವರ ಆಫೀಸಿನ ಎಕ್ಸೆಲ್ ಫೈಲುಗಳ ತುಂಬಾ ಮ್ಯಾಕ್ರೋ. ಒಂದು ಬಟನ್ ಒತ್ತಿದರೆ ಲೆಕ್ಕ ತಾನಾಗಿ ಜೋಡಿಸಿಕೊಳ್ಳುತ್ತದಲ್ಲ, ಅದು. ಟ್ಯಾಬಿನ ಎಕ್ಸೆಲ್‌ಗೂ ಕಂಪ್ಯೂಟರಿನ ಎಕ್ಸೆಲ್‌ಗೂ ಹೆಸರು ಒಂದೇ, ಮನೆ ಬೇರೆ. ಆಂಡ್ರಾಯ್ಡ್‌ನಲ್ಲಾಗಲಿ ಐಪ್ಯಾಡ್‌ನಲ್ಲಾಗಲಿ ಮ್ಯಾಕ್ರೋ ಓಡುವುದಿಲ್ಲ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲೂ ಇಲ್ಲ. ಆ ಬಟನ್ ಕಣ್ಣಿಗೆ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಮೂರು, ಅವಳ ಟ್ಯಾಬ್ 11 ಇಂಚಿನದ್ದು. 10.1 ಇಂಚಿಗಿಂತ ದೊಡ್ಡ ಪರದೆಯಾದರೆ ಮೈಕ್ರೋಸಾಫ್ಟ್ ಆಫೀಸಿನಲ್ಲಿ ಓದಲಿಕ್ಕೆ ದುಡ್ಡು ಬೇಡ, ತಿದ್ದಲಿಕ್ಕೆ ಚಂದಾ ಕಟ್ಟಬೇಕು. ಇದು ನನಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ! ಪರದೆ ಹತ್ತಿರ ಹತ್ತಿರ ಒಂದು ಇಂಚು ದೊಡ್ಡದಾದದ್ದಕ್ಕೆ ವರ್ಷ ವರ್ಷ ದುಡ್ಡು.

ಆ ಟ್ಯಾಬ್ ಈಗ ನನ್ನ ಅಮ್ಮನ ಹತ್ತಿರ ಉಂಟು. ಊಟ ಆದ ಮೇಲೆ ಯಕ್ಷಗಾನ ನೋಡುತ್ತಾರೆ. ಅವರ ಮಟ್ಟಿಗೆ ಅದರಷ್ಟು ಒಳ್ಳೆ ಯಂತ್ರ ಇನ್ನೊಂದಿಲ್ಲ.

ಹುಡುಗಿಗೆ ಕೊನೆಗೆ ತೆಗೆದದ್ದು ಒಂದು ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್. ಆದರೆ ಅಲ್ಲೂ ಒಂದು ಗುಂಡಿ ಉಂಟು, ಈ ಸಲ ಬೀಳುವ ಮೊದಲು ಕಣ್ಣಿಗೆ ಬಿತ್ತು. 2024ರ ಜೂನ್‌ನಿಂದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಹಾಕಿದ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ. ತೆಳ್ಳಗೆ, ಹಗುರ, ಬ್ಯಾಟರಿ ದಿನವಿಡೀ ಬರುತ್ತದೆ. ಫೋನಿನಲ್ಲಿ ಇರುವಂಥ ಆರ್ಮ್ ಜಾತಿಯ ಚಿಪ್ ಅದು. ಇಂಟೆಲ್, ಎಎಂಡಿ ಕಂಪನಿಗಳ ಚಿಪ್‌ಗೆ ಅಂತ ಬರೆದ ಸಾಫ್ಟ್‌ವೇರನ್ನು ಅದು ಒಳಗೊಳಗೇ ಅನುವಾದ ಮಾಡಿಕೊಂಡು ಓಡಿಸುತ್ತದೆ, ಹೆಚ್ಚಿನವು ಚೆನ್ನಾಗಿಯೇ ಓಡುತ್ತವೆ. ಓಡದೆ ಇರುವುದು ಡ್ರೈವರ್. ಅಂದರೆ ಹೊರಗಿನಿಂದ ಚುಚ್ಚಿದ ಸಾಮಾನಿಗೂ ವಿಂಡೋಸಿಗೂ ನಡುವೆ ನಿಂತು ಮಾತಾಡಿಸುವ ತುಣುಕು. ಅದನ್ನು ಅನುವಾದ ಮಾಡಲಿಕ್ಕೆ ಬರುವುದಿಲ್ಲ, ಆ ಚಿಪ್‌ಗೆ ಅಂತಲೇ ಕಂಪನಿಯವರು ಬರೆದು ಕೊಟ್ಟಿರಬೇಕು. ಸಿಎ ಆಫೀಸಿನಲ್ಲಿ ಡಿಜಿಟಲ್ ಸಹಿಗೆ ಅಂತ ಪೆನ್‌ಡ್ರೈವ್ ಹಾಗಿನ ಟೋಕನ್ ಇರುತ್ತದಲ್ಲ? ಅದು, ಹಳೆ ಪ್ರಿಂಟರು, ಬೆರಳಚ್ಚು ಯಂತ್ರ, ಈ ಮೂರರಲ್ಲಿ ಯಾವುದಾದರೂ ನಿಮ್ಮ ಚೀಟಿಯಲ್ಲಿ ಇದ್ದರೆ, ಅದರ ಡ್ರೈವರ್ ಈ ಚಿಪ್‌ಗೆ ಉಂಟಾ ಅಂತ ನೋಡದೆ ಆ ಲ್ಯಾಪ್‌ಟಾಪ್‌ನ ಹತ್ತಿರ ಹೋಗಬೇಡಿ. ಬರೀ ಬ್ರೌಸರು, ವರ್ಡು, ಮೀಟಿಂಗು ಅಂತಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ನನಗೇ ಆಸೆ ಉಂಟು ಒಂದರ ಮೇಲೆ.

ಇನ್ನೊಂದು ಸಣ್ಣ ಸಂಗತಿ. ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳು ‘ಎಸ್ ಮೋಡ್’ನಲ್ಲಿ ಬರುತ್ತವೆ, ಮೈಕ್ರೋಸಾಫ್ಟ್ ಸ್ಟೋರ್ ಬಿಟ್ಟು ಬೇರೆ ಎಲ್ಲಿಂದಲೂ ಸಾಫ್ಟ್‌ವೇರ್ ಹಾಕಲಿಕ್ಕೆ ಬಿಡುವುದಿಲ್ಲ. ಹಾಳಾಗಿದೆ ಅಂತ ವಾಪಸ್ ಕೊಡಲಿಕ್ಕೆ ಓಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಎಸ್ ಮೋಡ್‌ನಿಂದ ಹೊರಗೆ ಬರಬಹುದು, ದುಡ್ಡು ಇಲ್ಲ. ಒಮ್ಮೆ ಹೊರಗೆ ಬಂದರೆ ತಿರುಗಿ ಒಳಗೆ ಹೋಗಲಿಕ್ಕಾಗುವುದಿಲ್ಲ ಅಷ್ಟೇ, ಹೋಗುವುದು ಯಾರಿಗೆ ಬೇಕು.

ಕೆಲಸ ನೋಡಿ ಯಂತ್ರ ತೆಗೆಯುವುದು ನಮ್ಮ ಊರಿಗೆ ಹೊಸತೇನೂ ಅಲ್ಲ. 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಪಿಗ್ಮಿಯವರ ಕೈಯಲ್ಲಿ ಮೊದಲು ಪುಸ್ತಕ ಇತ್ತು. ನಾನು ಸಣ್ಣವನಿದ್ದಾಗ ನೋಡಿದ್ದು ಪುಸ್ತಕವೇ. ಆಮೇಲೆ ಚೀಟಿ ಉಗುಳುವ ಅಂಗೈ ಯಂತ್ರ ಬಂತು. ಅದರಲ್ಲಿ ಸಿನಿಮಾ ಬರುವುದಿಲ್ಲ, ಫೋಟೋ ತೆಗೆಯಲಿಕ್ಕಾಗುವುದಿಲ್ಲ, ಪರದೆ ಬೆಂಕಿಪೆಟ್ಟಿಗೆಯಷ್ಟು. ಆದರೆ ಪಿಗ್ಮಿಯವರು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಒಂದೇ ಕೈಯಲ್ಲಿ ಅಂಗಡಿಯಿಂದ ಅಂಗಡಿಗೆ ಲೆಕ್ಕ ಬರೆದುಕೊಂಡು ಹೋಗುತ್ತಿದ್ದರು. ಅವರಿಗೆ ಯಾರೂ ‘ಒಳ್ಳೆ ಯಂತ್ರ ಯಾವುದು’ ಅಂತ ಹೇಳಿಕೊಡಬೇಕಾಗಿ ಬರಲಿಲ್ಲ.

ಈಗ ನನ್ನದೇ ಕಸುಬಿಗೆ ಬರುತ್ತೇನೆ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಮದುವೆ ಕಾಗದ, ನೇಮದ ಆಮಂತ್ರಣ, ಸಂಘದ ವಾರ್ಷಿಕ ವರದಿ, ಇವೆಲ್ಲ ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲೇ ಆಗುತ್ತವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ಮೇಲೆ ಹುಟ್ಟಿದ ಮಕ್ಕಳೀಗ ಮದುವೆ ಕಾಗದ ಮಾಡಿಸಲಿಕ್ಕೆ ನನ್ನ ಅಂಗಡಿಗೆ ಬರುತ್ತಿದ್ದಾರೆ, ನಾನು ಅದೇ ಸಾಫ್ಟ್‌ವೇರ್ ತೆರೆದು ಕೂತಿರುತ್ತೇನೆ. ಯಾಕೆ ಬಿಡಲಿಲ್ಲ ಅಂದರೆ ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ, ಗೊತ್ತಿಲ್ಲ, ನಮ್ಮ ಹಳೆ ಫೈಲುಗಳಿಗೂ ಗೊತ್ತಿಲ್ಲ. ನುಡಿ, ಬರಹ, ಶ್ರೀಲಿಪಿ, ಇವುಗಳ ಹಳೆ ಅಕ್ಷರಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ತಲೆಕಟ್ಟು ಒಂದು ಕೀಲಿಗೆ, ಒತ್ತು ಇನ್ನೊಂದಕ್ಕೆ. ಆ ಫಾಂಟ್ ಇದ್ದ ಯಂತ್ರದಲ್ಲಿ ‘ಶ್ರೀ ಕ್ಷೇತ್ರ’ ಅಂತ ಚಂದ ಕಾಣುವುದು, ಫಾಂಟ್ ಇಲ್ಲದ ಟ್ಯಾಬಿನಲ್ಲಿ ತೆರೆದರೆ ಚುಕ್ಕೆ, ಟೋಪಿ, ಬಾಲ ಹಚ್ಚಿಕೊಂಡ ಯಾವುದೋ ಯುರೋಪಿನ ಅಕ್ಷರಗಳ ಮೆರವಣಿಗೆ ಆಗಿರುತ್ತದೆ.

ಒಬ್ಬ ಮೇಷ್ಟ್ರು ಹೀಗೆ ಬಂದಿದ್ದರು. ನಿವೃತ್ತಿ ಆದ ಮೇಲೆ ತಮ್ಮ ಲೇಖನಗಳನ್ನೆಲ್ಲ ಟ್ಯಾಬಿನಲ್ಲಿ ಕೂತು ತಿದ್ದುತ್ತೇನೆ ಅಂತ ಮಗ ವಿದೇಶದಿಂದ ತಂದ ದುಬಾರಿ ಟ್ಯಾಬ್ ಹಿಡಿದುಕೊಂಡು. ಹದಿನೈದು ವರ್ಷದ ಬರಹ, ಎಲ್ಲ ಹಳೆ ನುಡಿ ಸಾಫ್ಟ್‌ವೇರಿನಲ್ಲಿ. ಟ್ಯಾಬಿನಲ್ಲಿ ಒಂದು ಸಾಲೂ ಓದಲಿಕ್ಕಾಗುವುದಿಲ್ಲ. “ನನ್ನ ಬರಹ ಯಾರಿಗೂ ಅರ್ಥ ಆಗುವುದಿಲ್ಲ ಅಂತ ಹೆಂಡತಿ ಮೊದಲಿಂದ ಹೇಳ್ತಿದ್ದಳು, ಈಗ ಯಂತ್ರವೂ ಹೇಳಿತು” ಅಂತ ಅವರೇ ನಕ್ಕರು. ನಾವು ಅಂಗಡಿಯ ಕಂಪ್ಯೂಟರಿನಲ್ಲಿ ಆ ಫೈಲುಗಳನ್ನು ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿದೆವು. ಅರ್ಕಾವತ್ತು ಬಂದ ಕಡೆಯೆಲ್ಲ ಕಣ್ಣಿಟ್ಟು ನೋಡಬೇಕಾಯಿತು, ಕನ್ವರ್ಟರ್‌ಗಳು ಎಡವುವುದು ಅಲ್ಲೇ. ಮೂರು ದಿನ ಹಿಡಿಯಿತು. ಈಗ ಅವರು ಅದೇ ಟ್ಯಾಬಿನಲ್ಲಿ ಆರಾಮಾಗಿ ಬರೆಯುತ್ತಾರೆ, ಎಷ್ಟೋ ಕಡೆ ಬಾಯಲ್ಲಿ ಹೇಳಿಯೇ ಟೈಪ್ ಮಾಡಿಸುತ್ತಾರೆ. ಹೊಸತಾಗಿ ಯೂನಿಕೋಡ್‌ನಲ್ಲಿ ಬರೆಯುವವರಿಗೆ ಯಾವ ಟ್ಯಾಬ್ ಆದರೂ ಆಗುತ್ತದೆ. ಹಳೆ ಗಂಟು ಇರುವವರು ಮೊದಲು ಆ ಗಂಟು ಬಿಚ್ಚಿಸಿಕೊಳ್ಳಿ, ಆಮೇಲೆ ಟ್ಯಾಬ್.

ಡಿಟಿಪಿಯನ್ನೇ ಕಸುಬು ಮಾಡುವ ಹುಡುಗರಿಗೆ ಒಂದು ಮಾತು. ಪುಟ ವಿನ್ಯಾಸ ಮಾಡುವ ಇನ್‌ಡಿಸೈನ್ ವಿಂಡೋಸ್‌ಗೂ ಆಪಲ್‌ನ ಮ್ಯಾಕ್‌ಗೂ ಉಂಟು, ಟ್ಯಾಬಿಗೆ ಇಲ್ಲ. ಫೋಟೋಶಾಪ್ 2019ರಿಂದ ಐಪ್ಯಾಡ್‌ನಲ್ಲಿ ಉಂಟು, ಆದರೆ ಕಂಪ್ಯೂಟರಿನಲ್ಲಿ ಇರುವುದೆಲ್ಲ ಅದರಲ್ಲಿಲ್ಲ. ಚಿತ್ರ ಬಿಡಿಸುವವರ ಪ್ರೊಕ್ರಿಯೇಟ್ ತಲೆಕೆಳಗು, ಅದು ಐಪ್ಯಾಡಿನಲ್ಲಿ ಉಂಟು, ವಿಂಡೋಸ್‌ಗೂ ಇಲ್ಲ, ಆಂಡ್ರಾಯ್ಡ್‌ಗೂ ಇಲ್ಲ. ಅಂದರೆ ಚಿತ್ರ ಬಿಡಿಸುವ ಹುಡುಗಿಗೆ ಐಪ್ಯಾಡ್ ಕೊಡಿಸುವುದು ಶೋಕಿ ಅಲ್ಲ ಮಾರಾಯ್ರೆ, ಅವಳ ಚೀಟಿಯಲ್ಲಿ ಪ್ರೊಕ್ರಿಯೇಟ್ ಇದ್ದರೆ ಬೇರೆ ದಾರಿಯೇ ಇಲ್ಲ. ಪರದೆಯ ಮೇಲೆ ಬರೆಯುವ ಆಪಲ್ ಪೆನ್ಸಿಲ್ ಬೇರೆ ತೆಗೆಯಬೇಕು, ಮತ್ತೆ ಎಲ್ಲ ಪೆನ್ಸಿಲ್ ಎಲ್ಲ ಐಪ್ಯಾಡಿಗೆ ಆಗುವುದಿಲ್ಲ, ಯಾವುದಕ್ಕೆ ಯಾವುದು ಅಂತ ಕೇಳಿಯೇ ದುಡ್ಡು ಕೊಡಿ.

ಈಗ ನನ್ನ ಭಾವನ ಕಥೆ. ಅವರು ಯಕ್ಷಗಾನದಲ್ಲಿ ಪದ್ಯ ಹೇಳುವ ಹವ್ಯಾಸಿ ಭಾಗವತರು, ಬಡಗುತಿಟ್ಟು. ಈಗೀಗ ಕೆಲವು ಭಾಗವತರು ಪ್ರಸಂಗದ ಪುಸ್ತಕದ ಬದಲು ಟ್ಯಾಬ್ ಇಟ್ಟುಕೊಳ್ಳುವುದು ನೀವು ನೋಡಿರಬಹುದು. ಭಾವನಿಗೂ ಆಸೆ ಆಯಿತು. ಅಂಗಡಿಗೆ ಹೋಗಿ ಕ್ಯಾಮೆರಾ ಚೆನ್ನಾಗಿರುವ ಟ್ಯಾಬ್ ನೋಡುತ್ತಾ ನಿಂತಿದ್ದರು. ನಾನು, “ಭಾವ, ನೀವು ಪದ್ಯ ಹೇಳುವಾಗ ಫೋಟೋ ತೆಗೀತೀರಾ?” ಅಂತ ಕೇಳಿದೆ. ಹೊರಗೆ ಚಹಾ ಕುಡಿಯುತ್ತಾ ಚೀಟಿ ಬರೆದೆವು.

ಕೆಲಸ ಒಂದೇ, ಪಿಡಿಎಫ್ ಓದುವುದು. ಆದರೆ ಎಲ್ಲಿ ಓದುವುದು? ರಾತ್ರಿ, ರಂಗಸ್ಥಳದ ಬೆಳಕಿನಲ್ಲಿ, ಎರಡು ಕೈಯಲ್ಲೂ ತಾಳ. ಪುಟ ತಿರುಗಿಸುವುದು ಹೇಗೆ? ಪುಸ್ತಕ ಆದರೆ ಮಾತುಗಾರಿಕೆ ನಡೆಯುವಾಗ ತಿರುಗಿಸಿಕೊಳ್ಳಬಹುದು, ಟ್ಯಾಬ್ ಆದರೂ ಹಾಗೆಯೇ, ಆದರೆ ಪದ್ಯದ ನಡುವೆ ಪುಟ ಮುಗಿದರೆ? ಸಂಗೀತದವರು ಬಳಸುವ ಒಂದು ಬ್ಲೂಟೂತ್ ಪೆಡಲ್ ಬರುತ್ತದೆ, ಕಾಲಿನಲ್ಲಿ ಒತ್ತಿದರೆ ಪುಟ ಮುಂದೆ ಹೋಗುತ್ತದೆ. ಟ್ಯಾಬಿಗೆ ಅದು ಒಂದು ಕೀಬೋರ್ಡ್ ಅಂತಲೇ ಕಾಣುವುದು. ಆದರೆ ಪಿಡಿಎಫ್ ಆ್ಯಪ್‌ಗೆ ಆ ಕೀಲಿ ಗೊತ್ತಿರಬೇಕು, ಕೆಲವಕ್ಕೆ ಗೊತ್ತಿಲ್ಲ. ಹಾಗಾಗಿ ನಾವು ಮೊದಲು ಆ್ಯಪ್ ಹುಡುಕಿದೆವು, ಭಾವನ ಹಳೆ ಫೋನಿನಲ್ಲೇ ಹಾಕಿ ನೋಡಿದೆವು. ಅರ್ಧ ಪುಟ ಜಾರಿಸುವ ಸೌಲಭ್ಯ ಇರುವುದು, ಸುತ್ತಲಿನ ಖಾಲಿ ಅಂಚು ಕತ್ತರಿಸಿ ಅಕ್ಷರ ದೊಡ್ಡದು ಮಾಡುವುದು, ಕಪ್ಪು ಪುಟದ ಮೇಲೆ ಬಿಳಿ ಅಕ್ಷರ ತೋರಿಸುವುದು. ಈ ಕೊನೆಯದ್ದು ಯಾಕೆ ಅಂದರೆ, ಬಿಳಿ ಪುಟ ಇಟ್ಟುಕೊಂಡು ಕೂತರೆ ಭಾಗವತರ ಮುಖ ಕೆಳಗಿನಿಂದ ಬೆಳಗಿ ವಿಡಿಯೋದಲ್ಲಿ ಭೂತ ಮೈಮೇಲೆ ಬಂದವರ ಹಾಗೆ ಕಾಣುತ್ತದೆ. ಸುಮ್ನೆ ಹೇಳುವುದಲ್ಲ, ನಾನು ನೋಡಿದ್ದೇನೆ.

ಆ್ಯಪ್ ಗೊತ್ತಾದ ಮೇಲೆ ಟ್ಯಾಬ್ ಆರಿಸುವುದು ಹತ್ತು ನಿಮಿಷದ ಕೆಲಸ. ಪ್ರಸಂಗದ ಪುಸ್ತಕ ಸಣ್ಣ ಸೈಜಿನದ್ದು, ಎಂಟೂವರೆ ಇಂಚಿನ ಪರದೆಯಲ್ಲೂ ಹಿಡಿಸುತ್ತದೆ, ಆದರೆ ಭಾವನಿಗೆ ಐವತ್ತೈದು ವರ್ಷ, ಕನ್ನಡಕ ತೆಗೆದೇ ಕೂರುತ್ತಾರೆ, ಹಾಗಾಗಿ 11 ಇಂಚು. ಸ್ಕ್ಯಾನ್ ಮಾಡಿದ ಪಿಡಿಎಫ್ ಭಾರ ಇರುತ್ತದೆ, ಕಡಿಮೆ ರ‍್ಯಾಮ್‌ನ ಟ್ಯಾಬಿನಲ್ಲಿ ಪುಟ ತಿರುಗುವಾಗ ಒಂದು ಗಳಿಗೆ ಖಾಲಿ ತೋರಿಸಿ ಆಮೇಲೆ ಅಕ್ಷರ ಮೂಡುತ್ತದೆ. ಆ ಒಂದು ಗಳಿಗೆಯಲ್ಲಿ ತಾಳ ತಪ್ಪುತ್ತದೆ. 6 ಜಿಬಿ ತೆಗೆದೆವು, ಜೊತೆಗೆ ಇಡೀ ಸಂಪುಟದ ಫೈಲನ್ನು ಒಂದೊಂದು ಪ್ರಸಂಗಕ್ಕೆ ಒಂದೊಂದು ಫೈಲ್ ಅಂತ ತುಂಡು ಮಾಡಿದೆವು. ಸಿಮ್ ಬೇಡ. ಕ್ಯಾಮೆರಾ ಹೇಗಿದ್ದರೂ ಆದೀತು.

ಇಷ್ಟೆಲ್ಲ ಮಾಡಿಯೂ ಮೊದಲ ಆಟದಲ್ಲಿ ಎಡವಟ್ಟಾಯಿತು. ಪರದೆ ಎರಡು ನಿಮಿಷಕ್ಕೆ ತಾನಾಗಿ ಆರಿಹೋಗುವ ಸೆಟ್ಟಿಂಗ್ ನಾವು ತೆಗೆದಿರಲಿಲ್ಲ. ವೇಷಧಾರಿಯ ಮಾತು ಉದ್ದ ಹೋಯಿತು, ಮುಗಿದಾಗ ಭಾವನ ಎದುರು ಕಪ್ಪು ಗಾಜು. ಪುಣ್ಯಕ್ಕೆ ಪದ್ಯ ಬಾಯಿಪಾಠ ಇತ್ತು. ಈಗ ಆಟಕ್ಕೆ ಹೊರಡುವ ಮೊದಲು ಪರದೆ ಆರದ ಹಾಗೆ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ಪೆಡಲಿಗೆ ಬೇಕು ಅಂತ ಬ್ಲೂಟೂತ್ ಒಂದನ್ನೇ ತಿರುಗಿ ಹಚ್ಚಿಕೊಳ್ಳುತ್ತಾರೆ. ಚೌಕಿಯಲ್ಲಿ ಗಣಪತಿ ಪೂಜೆ ಆದ ಮೇಲೆ ಇದೊಂದು ಪೂಜೆ.

ಮಲ್ಪೆ ಬಂದರಿನ ಕಡೆಯಿಂದ ಬಂದವರು ಯಾರೋ ಇದ್ದೀರಲ್ಲ, ನಿಮಗೆ ಒಂದು ಸಂಗತಿ. ಬೋಟಿನಲ್ಲಿ ಬೇರೆ ಜಿಪಿಎಸ್ ಇದ್ದರೂ ದೊಡ್ಡ ಪರದೆಯಲ್ಲಿ ನಕ್ಷೆ ನೋಡಲಿಕ್ಕೆ ಟ್ಯಾಬ್ ಬೇಕು ಅಂತ ಬೋಟು ನಡೆಸುವ ಒಬ್ಬ ತಾಂಡೇಲರು ಕೇಳಿದ್ದರು. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಉಂಟು. ಊರಿನೊಳಗೆ ಇದು ಗೊತ್ತೇ ಆಗುವುದಿಲ್ಲ, ಸುತ್ತಲಿನ ವೈಫೈ ನೋಡಿ ನೀವಿರುವ ಜಾಗವನ್ನು ಅಂದಾಜು ತೋರಿಸಿಬಿಡುತ್ತದೆ, ಬಂದರಿನಲ್ಲಿ ನಿಂತು ಪರೀಕ್ಷೆ ಮಾಡಿದರೆ ಸರಿಯಾಗಿಯೇ ಕಾಣುತ್ತದೆ. ಸಮುದ್ರದ ನಡುವೆ ಯಾರ ವೈಫೈ ಉಂಟು? ನೀವು ಸಿಮ್ ಹಾಕದಿದ್ದರೂ ಸಿಮ್ ಹಾಕುವ ಮಾದರಿಯನ್ನೇ ತೆಗೆಯಬೇಕು. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕೆಲವದರಲ್ಲಿ ವೈಫೈ ಮಾದರಿಯಲ್ಲೂ ಜಿಪಿಎಸ್ ಇರುತ್ತದೆ, ಕೆಲವದರಲ್ಲಿ ಇಲ್ಲ, ಡಬ್ಬದ ಮೇಲೆ ಬರೆದಿರುವುದನ್ನು ಓದಿ. ನಕ್ಷೆಯನ್ನು ದಡದಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಆ್ಯಪ್ ಆಗಿರಬೇಕು. ಮತ್ತೆ ಒದ್ದೆ ಬೆರಳಿಗೆ ಪರದೆ ಹೇಳಿದ ಹಾಗೆ ಕೇಳುವುದಿಲ್ಲ, ಅದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಾಲೇಜು ಮಕ್ಕಳ ತಂದೆ ತಾಯಿ ಜಾಸ್ತಿ ಬಂದಿದ್ದೀರಿ. ಸುರತ್ಕಲ್, ಮಣಿಪಾಲ, ಬೇರೆ ಕಾಲೇಜು, ಎಲ್ಲರದ್ದೂ ಒಂದೇ ಪ್ರಶ್ನೆ, ಮಗ ಮ್ಯಾಕ್ ಕೇಳುತ್ತಾನೆ, ಕೊಡಿಸಬಹುದಾ. ಯಾವ ಬ್ರಾಂಚ್ ಅಂತ ಹೇಳಿ. ಕಂಪ್ಯೂಟರ್ ಸೈನ್ಸ್ ಆದರೆ ಮ್ಯಾಕ್ ಚೆನ್ನಾಗಿಯೇ ನಡೆಯುತ್ತದೆ, ಐಫೋನ್ ಆ್ಯಪ್ ಮಾಡಬೇಕು ಅಂತಾದರೆ ಎಕ್ಸ್‌ಕೋಡ್ ಓಡುವುದು ಮ್ಯಾಕಿನಲ್ಲಿ ಮಾತ್ರ, ಬೇಕೇ ಬೇಕು. ಮೆಕ್ಯಾನಿಕಲ್ ಆದರೆ ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆ ಮಾತ್ರ. ಸಿವಿಲ್, ಆರ್ಕಿಟೆಕ್ಚರ್ ಆದರೆ ರೆವಿಟ್ ವಿಂಡೋಸ್‌ಗೆ ಮಾತ್ರ. ಆಟೋಕ್ಯಾಡ್ ಮ್ಯಾಕ್‌ಗೆ ಉಂಟು, ಆದರೆ ಎರಡೂ ಒಂದೇ ಅಲ್ಲ, ವಿಂಡೋಸ್‌ನಲ್ಲಿ ಇರುವ ಕೆಲವು ಸೌಲಭ್ಯ ಅದರಲ್ಲಿ ಇಲ್ಲ. ಎಲೆಕ್ಟ್ರಾನಿಕ್ಸ್‌ನವರ ವಿವಾಡೋ ವಿಂಡೋಸ್, ಲಿನಕ್ಸ್ ಎರಡಕ್ಕೆ. “ಮ್ಯಾಕಿನಲ್ಲಿ ವಿಂಡೋಸ್ ಹಾಕಿಕೊಳ್ತೇನೆ ಅಂತಾನೆ” ಅಂದರು ಒಬ್ಬರು. ಅದು ಹಳೆ ಕಥೆ. 2020ರ ನವೆಂಬರ್‌ನಲ್ಲಿ ಬಂದ ಎಂ1 ಮತ್ತು ಅದರ ಮುಂದಿನ ಆಪಲ್ ಚಿಪ್ ಇರುವ ಮ್ಯಾಕ್‌ಗಳಲ್ಲಿ ವಿಂಡೋಸ್ ಹಾಕಿಕೊಳ್ಳಲಿಕ್ಕೆ ಇದ್ದ ಬೂಟ್ ಕ್ಯಾಂಪ್ ಇಲ್ಲ. ಪ್ಯಾರಲೆಲ್ಸ್ ಅಂತ ಒಂದು ಸಾಫ್ಟ್‌ವೇರ್ ದುಡ್ಡು ಕೊಟ್ಟು ಹಾಕಿಕೊಂಡರೆ ವಿಂಡೋಸ್ ಬರುತ್ತದೆ, ಆದರೆ ಅದು ಆಗ ಹೇಳಿದೆನಲ್ಲ, ಆ ಆರ್ಮ್ ಜಾತಿಯ ವಿಂಡೋಸ್. ಡ್ರೈವರ್‌ನ ಗಲಾಟೆ ಅಲ್ಲೂ ಉಂಟು.

ಒಂದು ಉಪಾಯ ಹೇಳುತ್ತೇನೆ. ಕಾಲೇಜಿಗೆ ಸೇರಿದ ದಿನವೇ ಲ್ಯಾಪ್‌ಟಾಪ್ ತೆಗೆಯಬೇಡಿ. ಎರಡನೇ ವರ್ಷದ ಒಬ್ಬ ಹುಡುಗನನ್ನು ಕ್ಯಾಂಟೀನಿನಲ್ಲಿ ಹಿಡಿದು, ಲ್ಯಾಬಿನಲ್ಲಿ ಏನು ತೆರೆಯುತ್ತೀರಿ ಅಂತ ಕೇಳಿ ಚೀಟಿ ಮಾಡಿಸಿಕೊಳ್ಳಿ. ಪ್ರಾಸ್ಪೆಕ್ಟಸ್‌ನಲ್ಲಿ ಬರೆದದ್ದಕ್ಕಿಂತ ಆ ಚೀಟಿ ಮೇಲು. ಆಟೋಡೆಸ್ಕ್‌ನವರು ವಿದ್ಯಾರ್ಥಿಗಳಿಗೆ ಆಟೋಕ್ಯಾಡ್, ರೆವಿಟ್ ಎಲ್ಲ ಉಚಿತವಾಗಿ ಕೊಡುತ್ತಾರೆ, ಕಳ್ಳ ಕಾಪಿ ಹುಡುಕಿಕೊಂಡು ವೈರಸ್ ತರಿಸಿಕೊಳ್ಳಬೇಡಿ. ಆನ್‌ಲೈನ್ ಪರೀಕ್ಷೆಗೆ ಸೇಫ್ ಎಕ್ಸಾಮ್ ಬ್ರೌಸರ್ ಬಳಸುವ ಕಡೆ ಅದು ವಿಂಡೋಸ್, ಮ್ಯಾಕ್, ಐಪ್ಯಾಡ್ ಮೂರರಲ್ಲಿ ನಡೆಯುತ್ತದೆ, ಆಂಡ್ರಾಯ್ಡ್ ಟ್ಯಾಬಿನಲ್ಲಿ ನಡೆಯುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಇದು ಗೊತ್ತಾದವರ ಮನೆಗೆ ನಾನು ನನ್ನ ಲ್ಯಾಪ್‌ಟಾಪ್ ಕೊಂಡುಹೋಗಿ ಕೊಟ್ಟಿದ್ದೇನೆ.

ಮೆಡಿಕಲ್ ಓದುವವರಿಗೆ ನಾನು ಟ್ಯಾಬನ್ನೇ ಹೇಳುವುದು. ಅವರದ್ದು ಓದು, ಗೀಟು, ಚಿತ್ರದ ಮೇಲೆ ಬರೆಯುವುದು. ಪೆನ್ನು ಮಾತ್ರ ಒಳ್ಳೆಯದಿರಲಿ. ರಬ್ಬರ್ ಮೂತಿಯ ಅಗ್ಗದ ಪೆನ್ನು ಬೆರಳಿಗಿಂತ ಜಾಸ್ತಿ ಏನೂ ಮಾಡುವುದಿಲ್ಲ, ಅಂಗೈ ಊರಿದರೆ ಅದೂ ಬರೆಯುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಕೆಳಗೆ ಗೋಳಿಬಜೆ ತಣ್ಣಗಾಗುತ್ತಾ ಉಂಟಂತೆ. ಹೊಸತಕ್ಕೆ ದುಡ್ಡಿಲ್ಲ ಅಂತಾದರೆ ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತೆಗೆಯಿರಿ, ತಪ್ಪೇನಿಲ್ಲ, ಕಡಿಮೆ ಬೆಲೆಯ ಹೊಸತಕ್ಕಿಂತ ಎಷ್ಟೋ ಗಟ್ಟಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೂರಬೇಕಾದರೆ ಇಂಟೆಲ್ ಚಿಪ್ ಆದರೆ ಎಂಟನೇ ಪೀಳಿಗೆ ಅಥವಾ ಅದರಿಂದ ಈಚಿನದ್ದು ಬೇಕು. ನೋಡುವುದು ಸುಲಭ. ಐ5 ಅಂತ ಬರೆದ ಮೇಲೆ ಒಂದು ಸಂಖ್ಯೆ ಇರುತ್ತದೆ, 8250 ಅಂತಿದ್ದರೆ ಎಂಟನೇ ಪೀಳಿಗೆ, ಆಗುತ್ತದೆ. 7200 ಅಂತಿದ್ದರೆ ಏಳನೆಯದು, ಬಿಡಿ. ಅಂಗಡಿಯವನು “ಐ5 ಸಾರ್, ಐ5” ಅಂತ ಹತ್ತು ಸಲ ಹೇಳಿದರೂ ಆ ಮುಂದಿನ ಅಂಕಿ ನೋಡದೆ ತಲೆ ಆಡಿಸಬೇಡಿ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಸಾಕು ಅಂತ ಕಾಗದದಲ್ಲಿ ಉಂಟು, ಕಾಗದದಲ್ಲಿ ಮಾತ್ರ. 8 ಇರಲಿ, ರೆವಿಟ್ ಥರದ್ದಕ್ಕೆ 16. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹಾಕಿಸುತ್ತೇನೆ ಅನ್ನುವುದು ನಡೆಯುವುದಿಲ್ಲ, ತೆಗೆಯುವಾಗಲೇ ನೋಡಿಕೊಳ್ಳಿ.

ಕೊನೆಗೆ ಒಂದಷ್ಟು ಪ್ರಶ್ನೆ ಬಂದವು. ಕ್ರೋಮ್‌ಬುಕ್ ಹೇಗೆ ಅಂತ ಒಬ್ಬರು ಕೇಳಿದರು. ಚೀಟಿಯಲ್ಲಿ ಇರುವುದೆಲ್ಲ ಬ್ರೌಸರ್‌ನಲ್ಲೇ ಆಗುವುದಾದರೆ ಬಹಳ ಒಳ್ಳೆಯದು, ವಿಂಡೋಸ್‌ನ ಒಂದೇ ಒಂದು ಸಾಫ್ಟ್‌ವೇರ್ ಇದ್ದರೂ ಬೇಡ ಅಂದೆ. ಟ್ಯಾಬಿನಿಂದಲೇ ಆಫೀಸಿನ ಕಂಪ್ಯೂಟರ್ ತೆರೆದು ಟ್ಯಾಲಿ ಮಾಡಬಹುದಲ್ಲ ಅಂತ ಒಬ್ಬ ಹುಡುಗ ಕೇಳಿದ, ಜಾಣ. ಮಾಡಬಹುದು, ರಿಮೋಟ್ ಡೆಸ್ಕ್‌ಟಾಪ್ ಅನ್ನುತ್ತಾರೆ. ಆಫೀಸಿನ ಕಂಪ್ಯೂಟರ್ ಆನ್ ಇರಬೇಕು, ಎರಡು ಕಡೆ ನೆಟ್ ಇರಬೇಕು, ಎರಡು ಕಡೆ ಕರೆಂಟ್ ಇರಬೇಕು. ಜೂನ್ ತಿಂಗಳಲ್ಲಿ ಈ ಮೂರೂ ಒಟ್ಟಿಗೆ ಸಿಕ್ಕಿದ ದಿನ ನನಗೂ ಹೇಳು ಅಂದೆ, ಎಲ್ಲರೂ ನಕ್ಕರು, ಅಷ್ಟು ಹೊತ್ತಿಗೆ ಇಲ್ಲಿಯೂ ಕರೆಂಟ್ ಹೋಯಿತು.

ಮೊಬೈಲ್ ಬೆಳಕಿನಲ್ಲಿ ಒಬ್ಬರು ಅಜ್ಜಿ ಮೆಟ್ಟಿಲ ಹತ್ತಿರ ನಿಲ್ಲಿಸಿ ತಮ್ಮ ಚೀಟಿ ಕೊಟ್ಟರು. ಕೈಬರಹ ಮುತ್ತಿನ ಹಾಗೆ. ಮಗಳೊಟ್ಟಿಗೆ ವಿಡಿಯೋ ಕಾಲ್, ಪೇಪರ್ ಓದುವುದು, ಭಜನೆ ಕೇಳುವುದು, ಅಷ್ಟೇ ಬರೆದಿತ್ತು. “ಮಗ ಲ್ಯಾಪ್‌ಟಾಪ್ ತೆಗೀತೇನೆ ಅಂತಾನೆ, ಅರವತ್ತು ಸಾವಿರವಂತೆ” ಅಂದರು.

“ಅಮ್ಮಾ, ಈಗ ಇದನ್ನೆಲ್ಲ ಯಾವುದರಲ್ಲಿ ಮಾಡ್ತೀರಿ?”

“ಇದೇ ಫೋನಿನಲ್ಲಿ. ಅಕ್ಷರ ಸಣ್ಣ ಕಾಣ್ತದೆ, ಕೈ ಸೋಲ್ತದೆ.”

ಹತ್ತು ಇಂಚಿನ ಸಾದಾ ಟ್ಯಾಬ್ ಒಂದು, ಅದಕ್ಕೊಂದು ಸ್ಟ್ಯಾಂಡ್ ಅಂತ ಚೀಟಿಯ ಕೆಳಗೆ ಬರೆದುಕೊಟ್ಟೆ. ಮಗನಿಗೆ ತೋರಿಸುತ್ತೇನೆ ಅಂತ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು, ಕೊಡೆ ಬಿಡಿಸಿ ಇಳಿದು ಹೋದರು.